ರಾಕ್ ಸ್ಟಾರಿಗೆ ನಾನು ಕೊಟ್ಟ ಕಾಟ

ಕಳೆದ ವರ್ಷ ಸುಮಾರು ಎಂಟು ತಿಂಗಳ ಕಾಲ ನಾನು ಇಪ್ಪತ್ತಾರು ವರ್ಷದ ಹೆಣ್ಣಾಗಿದ್ದೆ. ಗಾಬರಿ ಬೇಡ. ದಿನವಿಡೀ ಅಲ್ಲ, ಬೆಳಗಿನ ಹಾಲು ಹೋದ ಮೇಲೆ, ಸಂಜೆಯ ಹಾಲು ಬರುವ ಮುಂಚೆ, ಅದೂ ಫೋನಿನೊಳಗೆ ಮಾತ್ರ. ಮಿಕ್ಕ ಹೊತ್ತಿನಲ್ಲಿ ನಾನು ಬಂಗಾರಪೇಟೆಗೆ ಹತ್ತಿರದ ನಮ್ಮೂರಿನ ಹಾಲಿನ ಡೇರಿಯ ಕಾರ್ಯದರ್ಶಿ. ವಯಸ್ಸು ಐವತ್ತನಾಲ್ಕು, ಮೀಸೆ ದಪ್ಪ, ಎಡಗಾಲಿನ ಮಂಡಿ ಆಗಾಗ ಮುನಿಸಿಕೊಳ್ಳುತ್ತದೆ. ಊರವರು ನನ್ನನ್ನು 'ಸೆಕ್ರೆಟ್ರಿ' ಎನ್ನುತ್ತಾರೆ. ನನಗೊಂದು ಹೆಸರಿದೆಯೆಂಬುದು ನನ್ನ ಹೆಂಡತಿ ಜಯಮ್ಮನಿಗೂ ರೇಷನ್ ಕಾರ್ಡ್ ನೋಡಿದಾಗಲೇ ನೆನಪಾಗುವುದು.

ಕತೆಯ ಚಟ ನನಗೆ ಅಮ್ಮನಿಂದ ಬಂತು. ಅಮ್ಮ ಒಂದು ಸಾಲು ಬರೆದವಳಲ್ಲ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ಹರಿದು, ಸೂಜಿ ದಾರದಲ್ಲಿ ಹೊಲಿದು, ಅಕ್ಕಿ ಡಬ್ಬದ ಮೇಲೆ ಪೇರಿಸಿಡುತ್ತಿದ್ದಳು. ನಡುವೆ ಯಾವುದಾದರೂ ವಾರದ ಪತ್ರಿಕೆ ಕೈತಪ್ಪಿದರೆ ಆ ವಾರ ಏನಾಗಿರಬಹುದೆಂದು ತಾನೇ ಊಹಿಸಿ ನಮಗೆ ಹೇಳುವಳು. ಮುಂದಿನ ಕಂತು ಅವಳ ಊಹೆಗೆ ಹೊಂದದೆ ಹೋದರೆ ತಪ್ಪು ಬರೆದವರದು. "ಇವನಿಗೆ ತಲೆ ಕೆಟ್ಟಿದೆ, ಆ ಹುಡುಗಿ ಅಂಥವಳೇ ಅಲ್ಲ" ಎಂದು ಪತ್ರಿಕೆಯನ್ನು ಮಡಿಸಿ ಇಟ್ಟುಬಿಡುವಳು. ಓದುಗರು ಲೇಖಕನಿಗಿಂತ ಪಾತ್ರಗಳನ್ನು ಹೆಚ್ಚು ಬಲ್ಲವರು ಎನ್ನುವ ದೊಡ್ಡ ಸತ್ಯವನ್ನು ನಾನು ಅಕ್ಕಿ ಡಬ್ಬದ ಪಕ್ಕದಲ್ಲೇ ಕಲಿತೆ. ಕಲಿತದ್ದನ್ನು ಬೇಕಾದಾಗ ಮರೆತೆ. ಅದು ಬೇರೆ ಮಾತು.

ಈಗ ಧಾರಾವಾಹಿಗಳೆಲ್ಲ ಫೋನಿಗೆ ಬಂದಿವೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಕೆಳಗೆ ಬೈಯಬಹುದು. ಒಂದು ಮಧ್ಯಾಹ್ನ ಡೇರಿಯ ಮೇಜಿನ ಮುಂದೆ ಕೂತು ಇಂಥದ್ದೊಂದು ಆ್ಯಪಿನಲ್ಲಿ ನಾಲ್ಕಾರು ಕಾದಂಬರಿ ಓದಿದೆ. ಎಲ್ಲದರಲ್ಲೂ ಪ್ರೀತಿ, ಎಲ್ಲದರಲ್ಲೂ ಪ್ರೀತಿಗೆ ಅಪಾಯ. ನಾಯಕರು ಡಾಕ್ಟರು, ಜಿಲ್ಲಾಧಿಕಾರಿ, ಇಲ್ಲವೇ ಯಾವಾಗಲೂ ಸಿಟ್ಟಿನಲ್ಲಿರುವ ದೊಡ್ಡ ಕಂಪನಿಯ ಯಜಮಾನ. ನಾನೂ ಬರೆಯಬೇಕೆನಿಸಿತು. ಆದರೆ ಡಾಕ್ಟರನ್ನೂ ಜಿಲ್ಲಾಧಿಕಾರಿಯನ್ನೂ ಆಗಲೇ ಬೇರೆಯವರು ಹಿಡಿದುಬಿಟ್ಟಿದ್ದರು. ಹಸುವಿನ ಡಾಕ್ಟರನ್ನು ನಾಯಕ ಮಾಡೋಣವೆಂದರೆ, ನಮ್ಮೂರಿಗೆ ಬರುವ ಹಸುವಿನ ಡಾಕ್ಟರನ್ನು ನೆನೆಸಿಕೊಂಡ ಕೂಡಲೇ ಪ್ರೇಮ ಎದ್ದು ಹೊರಟುಹೋಯಿತು. ಕೊನೆಗೆ ಉಳಿದವನು ರಾಕ್ ಸ್ಟಾರ್.

ರಾಕ್ ಸ್ಟಾರ್ ಎಂದರೆ ಏನೆಂದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಉದ್ದ ಕೂದಲು, ಕಪ್ಪು ಅಂಗಿ, ಕೈಯಲ್ಲಿ ಗಿಟಾರು. ಸಂಗೀತಕ್ಕೆ ಸ್ವರ ಏಳು, ಹಾಗಾಗಿ ಗಿಟಾರಿಗೆ ತಂತಿಯೂ ಏಳಿರಬೇಕೆಂದು ಲೆಕ್ಕ ಹಾಕಿ ಕಾದಂಬರಿಗೆ 'ಏಳನೇ ತಂತಿ' ಎಂದು ಹೆಸರಿಟ್ಟೆ. ಮೂರನೆಯ ಅಧ್ಯಾಯಕ್ಕೆ ಯಾರೋ ಒಬ್ಬರು 'ಮೇಡಂ, ಗಿಟಾರಿಗೆ ಆರೇ ತಂತಿ' ಎಂದು ತಿದ್ದಿದರು. ನಾನು ಅರ್ಧ ಗಂಟೆ ಬೆವತು, 'ಏಳನೆಯದು ಪ್ರೀತಿ' ಎಂದು ಉತ್ತರಿಸಿದೆ. ಆ ಉತ್ತರಕ್ಕೆ ಎಷ್ಟು ಹೃದಯದ ಗುರುತುಗಳು ಬಂದವೆಂದರೆ, ನನಗೇ ನಾನು ಮೊದಲಿನಿಂದ ಹಾಗೇ ಯೋಚಿಸಿದ್ದೆ ಎನಿಸತೊಡಗಿತು.

ಮೇಡಂ ಎಂದದ್ದು ಯಾಕೆಂದರೆ ಕಾದಂಬರಿ ಬರೆದವಳು 'ಮಧುರಾ'. ಡೇರಿಯ ಕಾರ್ಯದರ್ಶಿ ಪ್ರೇಮದ ಬಗ್ಗೆ ಬರೆದರೆ ಓದುವವರು ಯಾರು? ಫೋಟೋದ ಜಾಗಕ್ಕೆ ನಮ್ಮ ಹಿತ್ತಲಿನ ಡೇಲಿಯಾ ಹೂವು ಹಾಕಿದ್ದೆ. ಕತೆಯನ್ನು ಹೇಳುವವಳು ನಾಯಕಿಯೇ: 'ನಾನು ರಿಷಿಯನ್ನು ಮೊದಲು ನೋಡಿದ್ದು...' ಎಂದು ಶುರು. ರಿಷಿ ಹೆಸರಾಂತ ರಾಕ್ ಸ್ಟಾರ್. ಅವನ ಗಿಟಾರಿನ ಪೆಟ್ಟಿಗೆಯಲ್ಲಿ ಯಾರೋ ಚೀಟಿ ಇಡುತ್ತಾರೆ: 'ಅವಳನ್ನು ಬಿಡು. ಇಲ್ಲದಿದ್ದರೆ ನೀನು ಇನ್ನೆಂದೂ ಹಾಡುವುದಿಲ್ಲ.' ಯಾರು ಇಟ್ಟರು? ನನಗೂ ಗೊತ್ತಿರಲಿಲ್ಲ. ಹೆಸರಿಲ್ಲದ ಬೆದರಿಕೆಯ ಅನುಭವವೇ ನನಗಿಲ್ಲ. ನಮ್ಮೂರಿನಲ್ಲಿ ಬೆದರಿಕೆ ಹಾಕುವವರು ತಮ್ಮ ಹೆಸರು, ಅಪ್ಪನ ಹೆಸರು ಎಲ್ಲ ಸೇರಿಸಿ, ನಾಲ್ಕು ಜನ ಕೇಳುವ ಹಾಗೆ, ಅರಳಿಕಟ್ಟೆಯ ಮುಂದೆ ನಿಂತು ಹಾಕುತ್ತಾರೆ. ಮರುದಿನ ಅವರೇ ಬಂದು ಹಾಲು ಹಾಕಿಯೂ ಹೋಗುತ್ತಾರೆ.

ಜಯಮ್ಮನೊಬ್ಬಳಿಗೆ ಗುಟ್ಟು ಗೊತ್ತಿತ್ತು. ಅಧ್ಯಾಯಗಳನ್ನು ಮೊದಲು ಅವಳಿಗೆ ಓದಿ ಹೇಳುತ್ತಿದ್ದೆ. ಸೊಪ್ಪು ಬಿಡಿಸುತ್ತ ಕೇಳುವಳು. "ಇಷ್ಟು ಅಧ್ಯಾಯ ಆದ್ರೂ ಆ ಇಬ್ಬರನ್ನೂ ಒಂದ್ಕಡೆ ಕೂರ್ಸಿ ಒಂದು ತುತ್ತು ಅನ್ನ ಹಾಕಿಲ್ವಲ್ರೀ. ಬರೀ ನಿಟ್ಟುಸಿರು ಬಿಟ್ಕೊಂಡು ಎಷ್ಟು ದಿನ ಬದುಕ್ತಾರೆ?" ಎಂದಳು. ಅವಳ ವಿಮರ್ಶೆ ಯಾವಾಗಲೂ ಹೊಟ್ಟೆಯಿಂದಲೇ ಆರಂಭ. ಆದರೆ ಆ ಮಾತು ನಾಟಿತು, ಮತ್ತು ಅನಾಹುತಕ್ಕೆ ಅದೇ ದಾರಿಯಾಯಿತು.

ಅನ್ನದ ಮಾತು ಬಂದಾಗ ನನಗೆ ನೆನಪಾದವನು ರೈಲಿನಲ್ಲಿ ಸಿಕ್ಕ ಹುಡುಗ. ನನ್ನ ಅಕ್ಕ ಕೆಜಿಎಫಿನ ಕೋರಮಂಡಲಿನಲ್ಲಿದ್ದಾಳೆ. ತಿಂಗಳಿಗೊಮ್ಮೆ ಭಾನುವಾರ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಅವಳನ್ನು ನೋಡಿಬರುತ್ತೇನೆ. ಕಾದಂಬರಿ ಶುರುವಾಗುವ ಕೆಲವು ದಿನ ಮುಂಚೆ ಹೀಗೇ ಹೋಗುವಾಗ ಬೋಗಿ ತುಂಬಿತ್ತು, ನನಗೆ ಹೇಗೋ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಎದುರಿಗೆ ನಿಂತ ಯುವಕನೊಬ್ಬ ತನ್ನ ಗಿಟಾರಿನ ಚೀಲವನ್ನು ತೋರಿಸಿ, "ಸಾರ್, ಸ್ವಲ್ಪ ಇಡ್ಕೊಂತೀರಾ? ತಳ್ಳಾಟದಲ್ಲಿ ಮುರ್ದೋಗುತ್ತೆ" ಎಂದ. ತೊಡೆಯ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡಂತೆ ಕೂರಿಸಿಕೊಂಡೆ. ಮಾತು ಬೆಳೆಯಿತು. ಹೆಸರು ಪ್ರಭು. ಚಾಂಪಿಯನ್ ರೀಫ್ಸಿನವನು. ಅಪ್ಪ ಚಿನ್ನದ ಗಣಿಯಲ್ಲಿದ್ದರು, ಈಗಿಲ್ಲ. ವಾರವಿಡೀ ಬೆಂಗಳೂರಿಗೆ ಓಡಾಡಿಕೊಂಡು ಎ.ಸಿ. ರಿಪೇರಿ ಮಾಡುತ್ತಾನೆ, ಶನಿವಾರ ಭಾನುವಾರ ಗೆಳೆಯರಿಬ್ಬರ ಜೊತೆ ಹಾಡುತ್ತಾನೆ. ಅವರ ಬ್ಯಾಂಡಿನ ಹೆಸರು 'ಸೆಕೆಂಡ್ ಶಿಫ್ಟ್'. "ಮೊದಲ್ನೇ ಶಿಫ್ಟು ಹೊಟ್ಟೆಗೆ ಸಾರ್, ಎರಡ್ನೇದು ನಮಗೆ" ಎಂದು ನಕ್ಕ. ಚೀಲದ ಜಿಪ್ಪು ಸರಿಸಿ, ಗಿಟಾರಿನ ಕತ್ತಿಗೆ ಅವನಮ್ಮ ದೃಷ್ಟಿಗೆಂದು ಕಟ್ಟಿದ್ದ ಕೆಂಪು ದಾರ ತೋರಿಸಿದ. ಜೇಬಿನಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡು ನನಗೂ ಒಂದು ಕೊಟ್ಟ, ಗಂಟಲಿಗೆ ಒಳ್ಳೆಯದಂತೆ. ಅಷ್ಟರಲ್ಲಿ ಅವನ ಫೋನು ಬಂತು. ಬಾಗಿಲ ಕಡೆ ತಿರುಗಿ ಮೆಲ್ಲಗೆ, "ಚಿಟ್ಟಿ, ಊಟ ಆಯ್ತಾ? ಇನ್ನೂ ಇಲ್ವಾ? ನೀನು ಊಟ ಮಾಡಿದ್ರೇನೇ ನನ್ನೊಟ್ಟೆ ತುಂಬೋದು" ಎಂದ.

ಬೆನ್ನು ತಿರುಗಿಸಿ ಆಡುವ ಮಾತನ್ನು ಕೇಳಿಸಿಕೊಳ್ಳಬಾರದು ಎಂದು ನನಗೆ ಗೊತ್ತು. ನನ್ನ ಕಿವಿಗಳಿಗೆ ಗೊತ್ತಿಲ್ಲ.

ಹೀಗೆ ಕೆಂಪು ದಾರ ಎರಡನೆಯ ಅಧ್ಯಾಯಕ್ಕೆ ಹೋಯಿತು, ಲವಂಗ ಐದನೆಯದಕ್ಕೆ. ಜಯಮ್ಮನ ಮಾತು ಕೇಳಿದ ಮೇಲೆ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ರಿಷಿ ನಾಯಕಿಯನ್ನು 'ಚಿಟ್ಟಿ' ಎಂದು ಕರೆದು, ಊಟದ ವಿಷಯ ಕೇಳಿ, ಅದೇ ಮಾತನ್ನು ಪಿಸುಗುಟ್ಟಿದ. ಆ ಅಧ್ಯಾಯ ಹಾಕಿದ ದಿನ ಓದುಗರು ಕಣ್ಣೀರಿನ ಮಳೆಗರೆದರು. ನಾನು ಡೇರಿಯಲ್ಲಿ ಒಬ್ಬನೇ ಕೂತು ಮೀಸೆ ತಿರುವಿದೆ.

ನಮ್ಮೂರಿನಲ್ಲೂ ಮಧುರಾಗೆ ಓದುಗರಿದ್ದರು. ಅವರಲ್ಲಿ ಮೊದಲನೆಯವಳು ಮುನಿವೆಂಕಟಪ್ಪನ ಮಗಳು ಮಂಜುಳಾ. ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಸಂಜೆ ಮನೆಗೆ ಬಂದವಳೇ ಹಾಲಿನ ಕ್ಯಾನು ಹಿಡಿದು ಡೇರಿಗೆ ಬರುವಳು. ಸಾಲಿನಲ್ಲಿ ನಿಂತ ಹೆಂಗಸರಿಗೆ ಹೊಸದಾಗಿ ಬಂದ ಕಂತನ್ನು ಅಭಿನಯದೊಂದಿಗೆ ಹೇಳುವಳು. "ಮಾಮ, ನೀವೂ ಓದಿ, ಎಷ್ಟು ಚೆನ್ನಾಗಿ ಬರೀತಾಳೆ ಗೊತ್ತಾ ಮಧುರಾ!" ಎನ್ನುವಳು. "ನನಗೆಲ್ಲಿ ಬಿಡುವು ಕಣಮ್ಮ" ಎಂದು ನಾನು ಹಾಲಿನ ಗಟ್ಟಿತನ ಅಳೆಯುವ ಲ್ಯಾಕ್ಟೋಮೀಟರಿನ ಮೇಲೆ ಕಣ್ಣಿಡುತ್ತಿದ್ದೆ. ಹೊಗಳಿಕೆಯನ್ನು ಮರೆಯಲ್ಲಿ ನಿಂತು ಕೇಳುವ ಸುಖ ದೇವರಿಗೆ ಮಾತ್ರ ಎಂದುಕೊಂಡಿದ್ದೆ. ಹೆಸರು ಮರೆಸಿ ಬರೆಯುವವರಿಗೂ ಉಂಟು.

ಮಂಜುಳಾ ರೈಲಿನಲ್ಲಿ ಪರಿಚಯವಾದ ಒಬ್ಬ ಕೆಜಿಎಫ್ ಹುಡುಗನನ್ನು ಮೆಚ್ಚಿದ್ದಾಳೆ, ಮೂರು ವಾರದಲ್ಲಿ ನಿಶ್ಚಿತಾರ್ಥ ಎಂಬುದು ಊರಿಗೆಲ್ಲ ಗೊತ್ತಿತ್ತು. ಮುನಿವೆಂಕಟಪ್ಪ ಸುಲಭಕ್ಕೆ ಒಪ್ಪಿದವನಲ್ಲ. ತಮಿಳು ಮಾತಾಡುವವನು, ಊರೂರು ಸುತ್ತಿ ಹಾಡುವವನು ಎಂದು ತಿಂಗಳುಗಟ್ಟಲೆ ತಲೆ ಕೊಡವಿದ್ದ. ಕೊನೆಗೆ ಒಂದು ದಿನ ಆ ಹುಡುಗನೇ ಬಂದು, ಕೆಟ್ಟು ನಿಂತಿದ್ದ ಮೇವು ಕತ್ತರಿಸುವ ಯಂತ್ರವನ್ನು ಬಿಚ್ಚಿ, ಮೈಯೆಲ್ಲ ಮಸಿ ಮಾಡಿಕೊಂಡು ಸರಿಪಡಿಸಿದ ಮೇಲೆ, "ಆಡ್ಕೊಂಡಾದ್ರೂ ಓಗ್ಲಿ, ಕೈಕೆಲ್ಸ ಬತ್ತದೆ" ಎಂದು ಒಪ್ಪಿದ್ದ. ಅವನ ಹೆಸರು ನಾನು ಕೇಳಿರಲಿಲ್ಲ, ಅವನು ಬಂದ ದಿನ ಊರಲ್ಲೂ ಇರಲಿಲ್ಲ. ಇದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಇಪ್ಪತ್ತೆರಡನೆಯ ಅಧ್ಯಾಯ ಬಂದು ಎರಡು ದಿನಕ್ಕೆ ಮುನಿವೆಂಕಟಪ್ಪ ತಾನೇ ಕ್ಯಾನು ಹೊತ್ತು ಬಂದ. ಎಲ್ಲರೂ ಹೋಗುವವರೆಗೆ ಕಂಬಕ್ಕೊರಗಿ ನಿಂತಿದ್ದ.

"ಸೆಕ್ರೆಟ್ರಿ, ನಮ್ ಮಂಜಿ ನಿಶ್ಚಿತಾರ್ಥ ಬ್ಯಾಡ ಅಂತವ್ಳೆ ಕಣಪ್ಪ. ಎರಡ್ ದಿನ ಆಯ್ತು, ಸರ್ಯಾಗಿ ಅನ್ನ ತಿಂದಿಲ್ಲ."

"ಯಾಕಂತೆ?"

"ಯಾವಳೋ ಮದುರಾ ಅಂತವಳಂತೆ. ಆ ಪ್ರಭು ಜೊತೇಲಿ ಓಡಾಡ್ತಿದ್ದವಳಂತೆ. ಎಲ್ಲಾನೂ ಬರ್ದು ಫೋನಿಗೆ ಆಕವ್ಳೆ. ಇವಳ್ನ ಅವನು ಏನಂತ ಕರೀತಾನೋ ಅವಳ್ನೂ ಅಂಗೇ ಕರೀತಾನಂತೆ. ಲವಂಗ ತಿನ್ನೋದೂ ಬರ್ದವಳಂತೆ, ದಾರ ಕಟ್ಟಿರೋದೂ ಬರ್ದವಳಂತೆ. ಜೊತೇಲಿರ್ದೆ ಎಂಗಪ್ಪಾ ಗೊತ್ತಾಗ್ತದೆ?"

ಪ್ರಭು ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ನನ್ನ ಕೈಯಲ್ಲಿದ್ದ ಲ್ಯಾಕ್ಟೋಮೀಟರು ಜಾರಿ ಹಾಲಿಗೆ ಬಿತ್ತು. ರೈಲಿನ ಹುಡುಗನೂ ಮೇವಿನ ಯಂತ್ರದ ಹುಡುಗನೂ ಒಬ್ಬನೇ! ಫೋನಿನ ಆ ತುದಿಯಲ್ಲಿ ಊಟ ಮಾಡದೆ ಕೂತಿದ್ದ ಚಿಟ್ಟಿ ನಮ್ಮ ಮಂಜುಳಾ. ಇಪ್ಪತ್ತೆರಡು ಅಧ್ಯಾಯ ನಾನು ಹುಡುಕುತ್ತಿದ್ದ ಖಳನಾಯಕ ಡೇರಿಯ ಕುರ್ಚಿಯಲ್ಲೇ ಕೂತಿದ್ದ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಊರಿನ ಅರ್ಧ ಹೆಂಗಸರು ಮಧುರಾಳ ಕಂತು ಓದಿ ಅತ್ತಿದ್ದರು. ಆ ಕಣ್ಣೀರಿಗೆಲ್ಲ ಕಾರಣ ಈ ಮೀಸೆ ಎಂದು ತಿಳಿದರೆ ನಾನು ನಾಳೆ ಡೇರಿಯ ಬಾಗಿಲು ತೆಗೆಯುವುದು ಹೇಗೆ? ಮನೆಗೆ ಹೋಗಿ ಜಯಮ್ಮನಿಗೆ ಹೇಳಿದೆ. ಅವಳು ಒಲೆ ಆರಿಸಿ, "ಈಗ್ಲೇ ಹೋಗಿ ಹೇಳ್ಬಿಟ್ಟು ಬನ್ನಿ. ಸಾರು ಆರೋದ್ರೊಳಗೆ ಬಂದ್ಬಿಡ್ತೀರ" ಎಂದಳು. ಎಂಥ ಸರಳ ಉಪಾಯ! ಆದರೆ ಲೇಖಕನಾದವನು ಸರಳ ಉಪಾಯಕ್ಕೆ ಒಗ್ಗುವುದಿಲ್ಲ. ಬರೆದು ಮಾಡಿದ ಗಾಯಕ್ಕೆ ಬರೆದೇ ಮದ್ದು ಹಚ್ಚುತ್ತೇನೆ ಎಂದು ಹೊರಟೆ. ಇಪ್ಪತ್ತಮೂರನೆಯ ಅಧ್ಯಾಯದ ಕೆಳಗೆ ಮಧುರಾಳ ಹೆಸರಿನಲ್ಲಿ ಒಂದು ಟಿಪ್ಪಣಿ ಹಾಕಿದೆ: 'ಪ್ರಿಯ ಓದುಗರೇ, ಇದೆಲ್ಲ ಬರೀ ಕಲ್ಪನೆ. ನನಗೆ ಯಾವ ಗಾಯಕನ ಪರಿಚಯವೂ ಇಲ್ಲ.'

ಮರುದಿನ ಮುನಿವೆಂಕಟಪ್ಪ ಇನ್ನೂ ಕಂಗೆಟ್ಟು ಬಂದ. "ಯಾವ್ದೇ ಪರಿಚಯ ಇಲ್ಲ ಅಂತ ಬರ್ದವಳಂತೆ ಈಗ. ಯಾರೂ ಕೇಳ್ದೇನೇ ಯಾಕೆ ಬರೀಬೇಕು? ಕಳ್ಳಿ ಅಲ್ದಿದ್ರೆ? ಅಂತವ್ಳೆ ಮಂಜಿ."

ನರ್ಸುಗಳು ರೋಗ ಪತ್ತೆ ಮಾಡುವುದರಲ್ಲಿ ಗಟ್ಟಿಗರು. ನಾನು ಇನ್ನೊಂದು ಸಲ ಮದ್ದು ಹಚ್ಚಿದೆ. 'ರಿಷಿಯಂಥವನನ್ನು ನಾನು ಒಮ್ಮೆ ರೈಲಿನಲ್ಲಿ ದೂರದಿಂದ ನೋಡಿದ್ದೆ, ಅಷ್ಟೇ' ಎಂದು ಬರೆದೆ. ಅಷ್ಟೇ ಸಾಕಾಯಿತು. ಮಂಜುಳಾ ಪ್ರಭುವಿನ ಫೋನು ಎತ್ತುವುದನ್ನೇ ನಿಲ್ಲಿಸಿದಳು. ರೈಲು ಎಂದಮೇಲೆ ಇನ್ನೇನು ಉಳಿಯಿತು?

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. ಇಂಥ ಕಾದಂಬರಿಗಳನ್ನು ಬರೆಯುವವರ ಕೆಲಸವೆಲ್ಲ ಒಂದೇ: ಪ್ರೇಮಿಗಳಿಬ್ಬರು ಎದುರುಬದುರು ಕೂತು ಒಂದು ನೇರ ಪ್ರಶ್ನೆ ಕೇಳಿಕೊಳ್ಳದಂತೆ ನೋಡಿಕೊಳ್ಳುವುದು. ಕೇಳಿದರೆ ಕತೆ ಎರಡನೆಯ ಅಧ್ಯಾಯಕ್ಕೆ ಮುಗಿಯಿತು. ಅದಕ್ಕೇ ನಾವು ಫೋನು ಕೆಡಿಸುತ್ತೇವೆ, ರೈಲು ತಪ್ಪಿಸುತ್ತೇವೆ, ಅರ್ಧ ಮಾತಿನಲ್ಲಿ ಬಾಗಿಲು ಬಡಿಸುತ್ತೇವೆ, ಇನ್ನೇನೂ ಹೊಳೆಯದಿದ್ದರೆ ಜ್ವರ ಬರಿಸುತ್ತೇವೆ. ಇಷ್ಟೆಲ್ಲ ಕಷ್ಟಪಟ್ಟು ನಾವು ತಡೆಯುವುದನ್ನು, ಬದುಕಿನಲ್ಲಿ ಜನ ಯಾವ ಲೇಖಕನ ಸಹಾಯವೂ ಇಲ್ಲದೆ ತಾವೇ ತಡೆದುಕೊಂಡುಬಿಡುತ್ತಾರೆ. ಮಂಜುಳಾ ಪ್ರಭುವನ್ನು ಕೇಳಲಿಲ್ಲ. ಪ್ರಭುವಿಗೆ ತನ್ನ ಮೇಲಿನ ಆರೋಪವೇನೆಂದೇ ಗೊತ್ತಿಲ್ಲ. ನನಗೆ ಎಲ್ಲ ಗೊತ್ತಿತ್ತು, ನಾನು ಹೇಳಲಿಲ್ಲ.

ಶನಿವಾರ ಮುನಿವೆಂಕಟಪ್ಪ ಮನೆಗೇ ಬಂದು ನನ್ನ ಕೈ ಹಿಡಿದುಕೊಂಡ. "ನಾಳೆ ಚಾಂಪಿಯನ್ನಿಗೆ ಓಗಿ ಸಂಬಂಧ ಬ್ಯಾಡ ಅಂತ ಏಳ್ಬುಟ್ಟು ಬರಾನಾ ಅಂತಿದೀನಿ. ನಂಗೆ ಅವರ ಮುಂದೆ ಮಾತು ಬರಲ್ಲ. ನೀನು ನಾಲ್ಕ್ ಅಕ್ಷರ ಬಲ್ಲೋನು, ನ್ಯಾಯವಾಗಿ ಮಾತಾಡ್ತೀಯ. ನೀನೂ ಬಾರಪ್ಪ." ಕಳ್ಳನನ್ನೇ ನ್ಯಾಯ ಹೇಳಲು ಕರೆದಂತಾಯಿತು. ಜಯಮ್ಮ ಒಳಗಿನಿಂದಲೇ, "ಬರ್ತಾರೆ. ನಾನೂ ಬರ್ತೀನಿ" ಎಂದು ಕೂಗಿದಳು. ನಾನು ಓಡಿಹೋಗದಂತೆ ಕಾವಲಿಗೆ ಅಂತ ಕಾಣುತ್ತದೆ.

ಭಾನುವಾರ ಮಂಜುಳಾಳೂ ಸೇರಿ ನಾವು ನಾಲ್ವರು ರೈಲಿನಲ್ಲಿ ಹೋದೆವು. ಕೋರಮಂಡಲ್ ದಾಟಿದ ಮೇಲೆ ಗಣಿಯ ಬೂದು ದಿಬ್ಬಗಳು ಕಿಟಕಿಯಲ್ಲಿ ಸಾಗುತ್ತಿದ್ದವು. ಮಂಜುಳಾ ಅವನ್ನೇ ನೋಡುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಾನು ಕಾದಂಬರಿಯಲ್ಲಿ ನಾಯಕಿಯ ಕಣ್ಣ ಕೆಳಗೆ ಎಷ್ಟು ಸಲ ಕಪ್ಪು ಬಳಿದಿದ್ದೆನೋ. ನಿಜವಾದದ್ದು ನೋಡುವುದಕ್ಕೆ ಅಷ್ಟು ಸೊಗಸಾಗಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ನನ್ನ ಮೇಲೆ ಬಂದ ಸಿಟ್ಟು ಯಾವ ಖಳನಾಯಕನ ಮೇಲೂ ಬಂದಿರಲಿಲ್ಲ.

ಪ್ರಭುವಿನ ಮನೆ ಸಾಲುಮನೆಗಳಲ್ಲಿ ಒಂದು. ಗೋಡೆಯ ಮೇಲೆ ಹೆಲ್ಮೆಟ್ಟು ತೊಟ್ಟ ಅವನ ತಂದೆಯ ಫೋಟೋ. ತಾಯಿ ಸೆಲ್ವಿ, "ವಾಂಗ ವಾಂಗ, ಕೂತ್ಕೊಳಿ" ಎಂದು ಸಂಭ್ರಮದಿಂದ ಚಾಪೆ ಹಾಸಿ ಕಾಫಿ, ಕೇಸರಿಬಾತು ತಂದಿಟ್ಟರು. ಸಂಬಂಧ ಮುರಿಯಲು ಬಂದಿದ್ದಾರೆಂದು ಅವರಿಗೆ ಗೊತ್ತಿಲ್ಲ. ನಿಶ್ಚಿತಾರ್ಥದ ಮಾತಿಗೆ ಬಂದಿದ್ದೇವೆಂದುಕೊಂಡು ಮಗನ ಗುಣಗಾನ ಶುರುಮಾಡಿದರು. "ಇವನು ರಾಕ್ ಹಾಡ್ತೀನಿ ಅಂದಾಗ ಅಯ್ಯೋ ಮುರುಗಾ ಅಂದೆ. ನಮಗೆ ಗೊತ್ತಿರೋ ರಾಕ್ ಅಂದ್ರೆ ರಾಕ್ ಬರ್ಸ್ಟ್ ಒಂದೇ ಅಲ್ವಾ? ಕೆಳಗೆ ಮೈನ್ಸಲ್ಲಿ ಬಂಡೆ ಸಿಡಿದ್ರೆ ಇಲ್ಲಿ ಪಾತ್ರೆ ಎಲ್ಲಾ ಉರುಳ್ತಿತ್ತು. ಈಗ ಇವನು ಹಾಡಿದ್ರೂ ಉರುಳ್ತವೆ. ಆದ್ರೆ ಈಗ ಭಯ ಇಲ್ಲ, ಎತ್ತಿಡ್ತೀನಿ ಅಷ್ಟೇ."

ಯಾರೂ ನಗಲಿಲ್ಲ. ಪ್ರಭು ಮಂಜುಳಾಳನ್ನೇ ನೋಡುತ್ತಿದ್ದ. "ಫೋನ್ ಯಾಕೆ ಎತ್ತಲ್ಲ? ನಾನೇನು ತಪ್ಪು ಮಾಡ್ದೆ?" ಎಂದ.

ಮಂಜುಳಾ ಫೋನು ತೆಗೆದು, ಗಂಟಲು ಸರಿಮಾಡಿಕೊಂಡು ಇಪ್ಪತ್ತೆರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದಳು. ನಾನು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಇನ್ನೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಒಂದೇ ಪುಟದಲ್ಲಿ ಏಳು ಸಲ 'ಪಿಸುಗುಟ್ಟಿದ' ಎಂದು ಬರೆದಿದ್ದೆ. ಚಾಪೆಯ ಕೆಳಗೆ ಹೋಗಿಬಿಡೋಣ ಎನಿಸಿತು. ಓದಿ ಮುಗಿಸಿ ಅವಳು ಕೇಳಿದಳು: "ಯಾರು ಈ ಮಧುರಾ?"

"ಸತ್ಯವಾಗ್ಲೂ ನಂಗೆ ಗೊತ್ತಿಲ್ಲ" ಎಂದ ಪ್ರಭು. "ನಮ್ಮಮ್ಮನ ಮೇಲೆ ಆಣೆ, ಗೊತ್ತಿಲ್ಲ."

ಮುನಿವೆಂಕಟಪ್ಪ ನನ್ನ ಕಡೆ ತಿರುಗಿ, "ಮಾತಾಡಪ್ಪ ಸೆಕ್ರೆಟ್ರಿ" ಎಂದ. ಜಯಮ್ಮ ನನ್ನ ಬೆನ್ನಿಗೆ ಒಂದು ಬೆರಳು ಒತ್ತಿದಳು.

"ಆ ಮಧುರಾ ನಾನೇ" ಎಂದೆ.

ಮುನಿವೆಂಕಟಪ್ಪ, "ಏಯ್, ತಮಾಸೆ ಮಾಡೋ ಒತ್ತಾ ಇದು?" ಎಂದು ಗದರಿದ. ಮಂಜುಳಾ ಬೇಸರದಿಂದ, "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ ಮಾಮ" ಎಂದಳು. ಜೀವನದಲ್ಲಿ ಧೈರ್ಯ ಮಾಡಿ ಒಂದು ನಿಜ ಹೇಳಿದರೆ ಒಬ್ಬರೂ ನಂಬುತ್ತಿಲ್ಲ. ಜಯಮ್ಮನೇ ಸಾಕ್ಷಿ ನುಡಿದಳು: "ಇಷ್ಟು ದೊಡ್ಡ ಸುಳ್ಳು ಹೇಳೋ ಧೈರ್ಯ ನಮ್ಮನೆಯವರಿಗಿಲ್ಲ ಕಣಮ್ಮ. ಅವರೇ ಅದು." ಆದರೂ ಮಂಜುಳಾ ಅಲ್ಲಾಡಲಿಲ್ಲ. ಕೊನೆಗೆ ನನ್ನ ಫೋನು ತೆಗೆದು, ಮಧುರಾಳ ಖಾತೆಯಿಂದ ಅವಳು ಹಿಂದೆ ಬರೆದಿದ್ದ ಒಂದು ಪ್ರತಿಕ್ರಿಯೆಯ ಕೆಳಗೆ ಟೈಪು ಮಾಡಿದೆ: 'ಮಂಜುಳಾ, ತಪ್ಪಾಯಿತು. ಕೇಸರಿಬಾತು ಆರುತ್ತಿದೆ, ತಿನ್ನು ತಾಯಿ.'

ಅವಳ ಕೈಯಲ್ಲಿದ್ದ ಫೋನು ಟಿಣ್ ಎಂದಿತು.

ಅವಳು ಫೋನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಫೋನಿನಲ್ಲಿದ್ದ ಡೇಲಿಯಾ ಹೂವು ನೋಡಿ, ನನ್ನ ಮೀಸೆ ನೋಡಿದಳು. ನಾನು ರೈಲಿನ ಕತೆಯನ್ನೆಲ್ಲ ಹೇಳಿದೆ: ಗಿಟಾರು, ದಾರ, ಲವಂಗ, ಬಾಗಿಲ ಕಡೆ ತಿರುಗಿ ಆಡಿದ ಮಾತು. ಪ್ರಭು ಎದ್ದು ನಿಂತು, "ಅಯ್ಯೋ! ಅವತ್ತು ನನ್ನ ಗಿಟಾರ್ ಇಡ್ಕೊಂಡಿದ್ದವ್ರು! ಆವಾಗಿಂದ ನಿಮ್ಮುಖ ಎಲ್ಲೋ ನೋಡಿದೀನಿ ಅಂತ ಒದ್ದಾಡ್ತಿದೀನಿ ಸಾರ್!" ಎಂದು ಕೂಗಿದ.

ಮಂಜುಳಾ ನಗಲಿಲ್ಲ. ಕಣ್ಣು ತುಂಬಿಕೊಂಡು, "ದಿನಾ ನನ್ನ ಹಾಲು ಅಳೀತಾ, ನಾನು ಓದಿ ಅಳೋದು ನೋಡ್ತಾ, 'ನನಗೆಲ್ಲಿ ಬಿಡುವು' ಅಂದ್ರಲ್ಲ ಮಾಮ" ಎಂದಳು. "ತಪ್ಪು ನಂದೇ ಕಣಮ್ಮ. ಮೊದಲ ದಿನವೇ ಹೇಳಬೇಕಿತ್ತು" ಎಂದೆ. ಆ ಮಾತು ಹೊರಬಂದಾಗ ಎದೆಯ ಮೇಲಿನ ದೊಡ್ಡ ಹಾಲಿನ ಕ್ಯಾನೊಂದನ್ನು ಯಾರೋ ಇಳಿಸಿದ ಹಾಗಾಯಿತು.

ಮೊದಲು ನಕ್ಕವರು ಸೆಲ್ವಿ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಮಗನನ್ನು ತೋರಿಸಿ, ಮತ್ತೆ ನನ್ನನ್ನು ತೋರಿಸಿ, "ಇವರಾ? ಇವರಾ ನಿನ್ನ ಲವ್ವರು?" ಎಂದು ಗೋಡೆಗೊರಗಿದರು. ಮುನಿವೆಂಕಟಪ್ಪನ ಹೊಟ್ಟೆ ಅಲ್ಲಾಡತೊಡಗಿತು. ಜಯಮ್ಮನಂತೂ ಎಂಟು ತಿಂಗಳಿಂದ ತಡೆದಿಟ್ಟಿದ್ದ ನಗುವನ್ನೆಲ್ಲ ಆಗಲೇ ಹೊರಗೆ ಬಿಟ್ಟಳು. ಮಂಜುಳಾಗೂ ನಗು ಬಂತು, ಅಳುವಿನ ನಡುವಿನಿಂದಲೇ.

ಆ ಗದ್ದಲದಲ್ಲಿ ಪ್ರಭು ಮೆಲ್ಲಗೆ ಕೇಳಿದ: "ಒಂದ್ ಮಾತು ನನ್ನೇ ಕೇಳಬೌದಾಗಿತ್ತಲ್ಲ?"

"ಕೇಳಿ, ನೀನು ಹೂಂ ಅಂದ್ಬಿಟ್ಟಿದ್ರೆ?" ಎಂದಳು ಮಂಜುಳಾ. "ಅಷ್ಟು ಜನರ ಮುಂದೆ ಲೈಟಲ್ಲಿ ನಿಂತು ಹಾಡ್ತೀಯ. ನಾನು ಸಗಣಿ ಬಾಚಿ, ಡ್ಯೂಟಿಗೆ ಹೋಗೋಳು. ನಿನಗೆ ಇನ್ನೊಬ್ಬಳಿದ್ರೆ ಅದ್ರಲ್ಲೇನು ಆಶ್ಚರ್ಯ ಅನ್ನಿಸ್ಬಿಡ್ತು."

ಪ್ರಭು ಅವಳ ಎದುರಿಗೆ ಬಂದು ಕೂತ. "ಸ್ಟೇಜ್ ಲೈಟು ಕಣ್ಣಿಗೆ ಹೊಡೆದ್ರೆ ಎದುರುಗಡೆ ಒಬ್ರೂ ಕಾಣಲ್ಲ ಮಂಜು. ಬರೀ ಕತ್ತಲೆ. ನಿಮ್ಮ ಹಟ್ಟಿ ಹತ್ರ ಬಂದಾಗ್ಲೇ ನನಗೆ ಜನ ಕಾಣೋದು" ಎಂದ. ನಾನು ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದೆ. ಜಯಮ್ಮ ಕೈ ಮೇಲೆ ಹೊಡೆದಳು.

ಕಾಫಿ ಎರಡನೆಯ ಸಲ ಬಂತು. ಈಗ ಎಲ್ಲರೂ ಕುಡಿದರು. ಲೋಟ ಕೆಳಗಿಟ್ಟು ಮುನಿವೆಂಕಟಪ್ಪ ಗಂಭೀರವಾಗಿ ಕೇಳಿದ: "ಅದಿರ್ಲಿ ಸೆಕ್ರೆಟ್ರಿ, ಆ ಗಿಟಾರ್ ಪೆಟ್ಗೇಲಿ ಬೆದರಿಕೆ ಚೀಟಿ ಇಕ್ತಿರೋನು ಯಾರು?" ಮಗಳು ಅವ್ವನಿಗೆ ಓದಿ ಹೇಳುವಾಗಲೆಲ್ಲ ಹಟ್ಟಿಯಲ್ಲಿ ಕೂತು ಒಂದು ಅಧ್ಯಾಯವನ್ನೂ ಬಿಡದೆ ಕೇಳಿಸಿಕೊಂಡಿದ್ದನಂತೆ! ನನಗೂ ಗೊತ್ತಿಲ್ಲ ಎಂದದ್ದಕ್ಕೆ ಎಲ್ಲರೂ ಬೈದರು. ಸೆಲ್ವಿ ಡ್ರಮ್ಮು ಬಾರಿಸುವವನ ಮೇಲೆ ಅನುಮಾನ ಪಟ್ಟರು. ಅವರ ಮಗನ ಬ್ಯಾಂಡಿನಲ್ಲೂ ಡ್ರಮ್ಮು ಬಾರಿಸುವವನು ಊಟಕ್ಕೆ ಬಂದರೆ ಜಾಸ್ತಿ ತಿನ್ನುತ್ತಾನಂತೆ.

ಕೊನೆಗೆ ಕಾದಂಬರಿಯನ್ನು ನಾನು ಹೀಗೆ ಮುಗಿಸಿದೆ. ನಾಯಕಿ ಒಂದು ದಿನ ರಿಷಿಯನ್ನು ಎದುರಿಗೆ ಕೂರಿಸಿ ನೇರವಾಗಿ ಕೇಳುತ್ತಾಳೆ. ಇಬ್ಬರೂ ಸೇರಿ ಹುಡುಕಿದಾಗ ಚೀಟಿ ಇಡುತ್ತಿದ್ದವನು ಅವರ ಬಗ್ಗೆ ಗುಟ್ಟಾಗಿ ಕಾದಂಬರಿ ಬರೆಯುತ್ತಿದ್ದ, ಕತೆ ಮುಂದೆ ಸಾಗದೆ ತಾನೇ ಅಪಾಯ ಹುಟ್ಟಿಸುತ್ತಿದ್ದ ಪಕ್ಕದ ಮನೆಯ ಮುದುಕ. ಓದುಗರಿಗೆ ಬಹಳ ಸಿಟ್ಟು ಬಂತು. 'ಇಂಥದ್ದು ಎಲ್ಲಾದರೂ ನಡೆಯುತ್ತಾ ಮೇಡಂ? ಸ್ವಲ್ಪವಾದರೂ ನಂಬುವ ಹಾಗೆ ಬರೆಯಿರಿ' ಎಂದರು. ಅವರ ಮಾತನ್ನು ಒಪ್ಪಿ ಕೈ ಮುಗಿದೆ.

ನಿಶ್ಚಿತಾರ್ಥ ಹೇಳಿದ ದಿನಕ್ಕೇ, ನಮ್ಮೂರಿನಲ್ಲೇ ನಡೆಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಮಾವಿನ ಮರದಡಿ 'ಸೆಕೆಂಡ್ ಶಿಫ್ಟ್' ನುಡಿಸಿತು. ಪ್ರಭು ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು, ತೆಲುಗು ಹಾಡು ಮೆಚ್ಚುವ ಮಾವನ ಸಲುವಾಗಿ ತೆಲುಗಿನಲ್ಲಿ ಒಂದು ಹಾಡಿದ. ನಮ್ಮೂರಿನ ಅಜ್ಜಿಯರು ಮೊದಲ ಹಾಡಿಗೆ ಕಿವಿ ಮುಚ್ಚಿಕೊಂಡರು, ಎರಡನೆಯದಕ್ಕೆ ಬೆರಳು ಸ್ವಲ್ಪ ಸಡಿಲಿಸಿದರು, ಮೂರನೆಯದಕ್ಕೆ ತಾಳ ಹಾಕಿದರು. ಆ ಸದ್ದಿಗೆ ಹಸುಗಳು ಹಾಲು ಇಳಿಸುವುದಿಲ್ಲ ಎಂದು ಕೆಲವರು ಹೆದರಿಸಿದ್ದರು. ಸಂಜೆ ನಾನೇ ಅಳೆದೆನಲ್ಲ. ದಿನದಷ್ಟೇ ಬಂತು, ದಿನದಷ್ಟೇ ಗಟ್ಟಿಯಾಗಿತ್ತು.

ಡೇರಿ ಮುಚ್ಚಿ ಮನೆಯ ಕಡೆ ಹೊರಟಾಗ ಇನ್ನೂ ಬಿಸಿಲಿತ್ತು. ಜಯಮ್ಮ ಜೊತೆಗೆ ನಡೆಯುತ್ತಿದ್ದಳು. ಬೇಲಿಯ ತಿರುವಿನಲ್ಲಿ ನಿಂತು ಕೇಳಿದಳು: "ನೇರವಾಗಿ ಕೇಳ್ತೀನಿ, ನೇರವಾಗಿ ಹೇಳಿ. ಹುಡುಗ ಪ್ರಭು, ಸರಿ. ಹುಡುಗಿ ಯಾರು? ಯಾರನ್ನ ನೆನಸ್ಕೊಂಡು ಬರೆದ್ರಿ?"

ನಾನು ಒಂದು ಕ್ಷಣವೂ ಯೋಚಿಸದೆ, "ನಿನ್ನನ್ನೇ" ಎಂದೆ. ಅದು ನಿಜವೂ ಆಗಿತ್ತು.

"ಸುಳ್ಳು" ಎಂದಳು ಅವಳು, ಮುಂದೆ ನಡೆಯುತ್ತ. "ಅವಳು ಒಂದ್ಸಲಾನೂ ಆ ರಿಷಿನ ಬೈಯೋದೇ ಇಲ್ಲ."

ನೇರ ಪ್ರಶ್ನೆಗೆ ನೇರ ಉತ್ತರ ಸಿಕ್ಕರೆ ಕಾದಂಬರಿ ಮುಗಿಯುತ್ತದೆ ಎಂದು ನಾನು ತಿಳಿದುಕೊಂಡಿದ್ದೆ. ಸಂಸಾರ ಅಲ್ಲಿಂದ ಶುರುವಾಗುತ್ತದೆ. ಮಂಡಿನೋವನ್ನು ಮರೆತು ಅವಳ ಹಿಂದೆ ಬೇಗ ಬೇಗ ಹೆಜ್ಜೆ ಹಾಕಿದೆ. ನಂಬಿಸಬೇಕಾದದ್ದು ಇನ್ನೂ ಬಹಳವಿತ್ತು.